ಯಾರಿಂದ ಯಾರಿಗೆ

ನಮ್ಮವರ ರಕ್ತದಿಂದ ಹೊರಟುಹೋಗಿದ್ದ ವೈರಸ್ಸು ಒಂದು ವರ್ಷದ ಮೇಲೆ ಮತ್ತೆ ಬಂದು ಕೂತಿದೆ ಎಂದು ಡಾಕ್ಟರಮ್ಮ ಹೇಳಿದ ದಿನ ನನಗೆ ಭಯಕ್ಕಿಂತ ಮೊದಲು ಸಿಟ್ಟು ಬಂತು. ಖಾಲಿ ಮಾಡಿ ಹೋದ ಬಾಡಿಗೆಯವನು ಹೇಳದೆ ಕೇಳದೆ ವಾಪಸ್ಸು ಬಂದು ಅದೇ ಕೋಣೆಯಲ್ಲಿ ಚಾಪೆ ಹಾಸಿಕೊಂಡರೆ ಬರುವಂಥ ಸಿಟ್ಟು. ಮೂರು ತಿಂಗಳು ದಿನಕ್ಕೊಂದರಂತೆ ಮಾತ್ರೆ ನುಂಗಿದ್ದರು. ಒಂದು ದಿನವೂ ತಪ್ಪಿಸಿರಲಿಲ್ಲ, ತಪ್ಪಿಸಲು ನಾನು ಬಿಡಬೇಕಲ್ಲ! ಬೆಳಿಗ್ಗೆ ಮುಖ ತೊಳೆದು ಬಂದ ಕೂಡಲೇ ಅಂಗೈಯಲ್ಲಿ ಮಾತ್ರೆ ಇಟ್ಟು, ನುಂಗಿದ ಮೇಲೆ ಚಿಕ್ಕ ಮಕ್ಕಳಿಗೆ ಮಾಡುವ ಹಾಗೆ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದೆ.

“ಮಾತ್ರೆ ಸರಿ ಇರ್ಲಿಲ್ವಾ ಡಾಕ್ಟ್ರೇ?” ಅಂದೆ.

“ಮಾತ್ರೆ ಸರಿಯಾಗೇ ಇತ್ತು, ಕೆಲಸಾನೂ ಮಾಡ್ತು. ಮುಗಿಸಿ ಮೂರು ತಿಂಗಳು ಬಿಟ್ಟು ನೋಡಿದಾಗ ರಕ್ತದಲ್ಲಿ ಏನೂ ಇರ್ಲಿಲ್ಲ. ವಾಸಿ ಆಗಿತ್ತು.”

“ವಾಸಿ ಆಗಿದ್ದು ಮತ್ತೆ ಎಲ್ಲಿಂದ ಬಂತು?”

“ಅಡಗಿ ಕೂತಿದ್ದು ಎದ್ದು ಬರೋದು ತುಂಬಾ ಅಪರೂಪ. ಹೊಸದಾಗಿ ಅಂಟಿಕೊಂಡಿರೋದೇ ಹೆಚ್ಚು. ಎಲ್ಲಿಂದ ಅಂತ ನಾನು ನಿಮ್ಮನ್ನ ಕೇಳ್ಬೇಕಮ್ಮ.”

ನಾನು ನಮ್ಮವರ ಕಡೆ ತಿರುಗಿದೆ. ಅವರು ಗೋಡೆಯ ಮೇಲಿದ್ದ ಲಿವರಿನ ಚಿತ್ರವನ್ನು ನೋಡುತ್ತಾ ಕೂತಿದ್ದರು. ಅವರ ಲಿವರ್ ಮೊದಲ ಸಲವೇ ಸ್ವಲ್ಪ ಗಟ್ಟಿಯಾಗಿತ್ತು, ಅಂದರೆ ಕೆಡಲು ಶುರುವಾಗಿತ್ತು. ಅದಕ್ಕೇ ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದಿದ್ದರು, ತೋರಿಸಲು ಬಂದಾಗಲೇ ಇದು ಸಿಕ್ಕಿಬಿದ್ದದ್ದು. “ಹೀಗೆ ಹೋಗೋದು ಬರೋದು ಮಾಡ್ತಿದ್ರೆ ಲಿವರ್ ತಡೆಯಲ್ಲ” ಎಂದು ಡಾಕ್ಟರಮ್ಮ ಹೇಳಿದಾಗ ನನ್ನ ಸಿಟ್ಟು ಇಳಿದು ಭಯ ಹತ್ತಿತು.

ಇಷ್ಟಕ್ಕೂ ಈ ಗೋಜಲು ಶುರುವಾದದ್ದು ಪುಣ್ಯದ ಕೆಲಸದಿಂದ. ನಮ್ಮ ಅಂಗಡಿಯ ಪಕ್ಕದ ಸೈಕಲ್ ರಿಪೇರಿಯವನಿಗೆ ಲಾರಿ ಗುದ್ದಿತು ಎಂದು ನಮ್ಮವರು ರಕ್ತ ಕೊಡಲು ಓಡಿಹೋಗಿದ್ದರು. ವಾರದೊಳಗೆ ರಕ್ತನಿಧಿಯಿಂದ ಫೋನು ಬಂತು. ನಿಮ್ಮ ರಕ್ತ ಬೇಡ, ಹೆಪಟೈಟಿಸ್ ಸಿ ಪರೀಕ್ಷೆಯಲ್ಲಿ ಪಾಸಿಟಿವ್ ಬಂದಿದೆ, ಡಾಕ್ಟರನ್ನು ನೋಡಿ ಅಂದರು. ಆಳು ನೋಡಿದರೆ ಗುಂಡುಕಲ್ಲಿನ ಹಾಗಿದ್ದರು. ಜ್ವರವಿಲ್ಲ, ಕಾಮಾಲೆಯಿಲ್ಲ, ಊಟದಲ್ಲಿ ಒಂದು ತುತ್ತು ಕಡಿಮೆಯಿಲ್ಲ.

ಡಾಕ್ಟರಮ್ಮ ಅವತ್ತು ಬಿಡಿಸಿ ಹೇಳಿದ್ದರು. ಪರೀಕ್ಷೆ ಎರಡು ಇವೆಯಂತೆ. ಮೊದಲನೆಯದು ಕಳ್ಳನ ಹೆಜ್ಜೆಗುರುತು ನೋಡುವುದು, ಎರಡನೆಯದು ಕಳ್ಳ ಒಳಗೇ ಇದ್ದಾನೋ ಎಂದು ನೋಡುವುದು. ಕಳ್ಳ ಹೋದ ಮೇಲೂ ಹೆಜ್ಜೆಗುರುತು ಸಾಯುವವರೆಗೂ ಹೋಗುವುದಿಲ್ಲ. ಹಾಗಾಗಿ ಮೊದಲ ಪರೀಕ್ಷೆ ಯಾವಾಗ ಮಾಡಿದರೂ ಇದೆ ಅನ್ನುತ್ತದೆ, ವಾಸಿಯಾದವರಿಗೆ ಎರಡನೆಯದು ಇಲ್ಲ ಅನ್ನುತ್ತದೆ. ನನಗೆ ತಲೆಬುಡ ತಿಳಿಯಲಿಲ್ಲ. ಇರುವುದಾದರೆ ಇರಬೇಕು, ಇಲ್ಲದಿದ್ದರೆ ಇರಬಾರದು. ನಾನು ಹಳೇ ಬಟ್ಟೆ ರಿಪೇರಿ ಮಾಡುವವಳು, ಪ್ಯಾಂಟಿನ ಜಿಪ್ಪು ಬದಲಾಯಿಸಿ ಕೊಟ್ಟ ಮೇಲೆ ಹಳೇ ಜಿಪ್ಪು ಇನ್ನೂ ಇದೆ ಅಂತ ಯಾರಾದರೂ ಅಂದರೆ ಒಪ್ಪುತ್ತೇನೆಯೇ?

ಎಲ್ಲಿಂದ ಬಂದಿರಬಹುದು ಎಂದು ಆಗಲೂ ಕೇಳಿದ್ದರು. ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದೀರಾ? ಇಲ್ಲ. ಆಪರೇಷನ್ನು? ಇಲ್ಲ. ಹಚ್ಚೆ? ಇಲ್ಲ. ಒಂದೇ ಸೂಜಿಯಲ್ಲಿ ಹತ್ತು ಜನಕ್ಕೆ ಚುಚ್ಚುವ ಕಡೆ ಹೋಗಿದ್ದೀರಾ? ಇಲ್ಲ. “ಬೇರೆಯವರ ರೇಜರ್ ಬಳಸ್ತೀರಾ?” ಎಂದಾಗ ನಮ್ಮವರಿಗೆ ನಗುವೇ ಬಂದಿತ್ತು.

“ನಾನೇ ಕಟಿಂಗ್ ಶಾಪಿನವನು ಡಾಕ್ಟ್ರೇ. ಬೇರೆಯವರ ಕತ್ತಿ ನಾನ್ಯಾಕೆ ಮುಟ್ಲಿ? ಗಿರಾಕಿಗಳಿಗೆ ಅವರ ಕಣ್ಣ ಮುಂದೆ ಹೊಸ ಬ್ಲೇಡ್ ಹಾಕ್ತೀನಿ, ಆಮೇಲೆ ಮುರಿದು ಡಬ್ಬಿಗೆ ಎಸೀತೀನಿ. ನನಗೆ ನಮ್ಮಪ್ಪಂದೇ ಕತ್ತಿ ಇದೆ.”

ಡಾಕ್ಟರಮ್ಮ ತಲೆಯಾಡಿಸಿದರು. ನಾನೂ ಹೆಮ್ಮೆಯಿಂದ ತಲೆಯಾಡಿಸಿದೆ. ನನ್ನ ರಕ್ತವನ್ನೂ ಮಗಳ ರಕ್ತವನ್ನೂ ನೋಡಿದರು, ಏನೂ ಇರಲಿಲ್ಲ.

ಈಗ ಎರಡನೇ ಸಲವೂ ಅದೇ ಪ್ರಶ್ನೆಗಳು, ಅದೇ ಇಲ್ಲ ಇಲ್ಲ. ಹೊರಗೆ ಬಂದ ಮೇಲೆ ನಾನು ಅವರನ್ನು ಔಷಧಿ ಅಂಗಡಿಗೆ ಸಾಗಹಾಕಿ ಒಬ್ಬಳೇ ಮತ್ತೆ ಒಳಗೆ ಹೋಗಿ ಕೇಳಿದೆ, “ಹೆಂಗಸಿನ ಸಹವಾಸದಿಂದ ಬರುತ್ತಾ?”

“ಬರೋದೇ ಇಲ್ಲ ಅನ್ನೋಕಾಗಲ್ಲ. ಬಹಳ ಕಡಿಮೆ.”

ಬಹಳ ಕಡಿಮೆ ಎಂದರೆ ಒಬ್ಬರಿಗಾದರೂ ಬಂದಿರಬೇಕಲ್ಲ, ಆ ಒಬ್ಬರು ನಮ್ಮವರೇ ಯಾಕಾಗಿರಬಾರದು? ಬೇಡದ ಹುಳ ತಲೆಗೆ ಬಿಟ್ಟುಕೊಂಡು ಮನೆಗೆ ಬಂದೆ. ಮನುಷ್ಯ ಬೇರೆ ಯಾವ ದಿನವೂ ಕಣ್ಣು ತಪ್ಪಿಸಿ ಹೋಗುವವರಲ್ಲ. ಬೆಳಿಗ್ಗೆ ಅಂಗಡಿ, ರಾತ್ರಿ ಮನೆ. ಆದರೆ ವಾರದ ರಜೆಯ ದಿನ ಬೆಳಿಗ್ಗೆ ಅಂಗಡಿ ಗುಡಿಸಿ ಬರುತ್ತೇನೆ ಎಂದು ಹೋಗಿ ಎರಡು ಗಂಟೆ ಬಿಟ್ಟು ಬರುತ್ತಿದ್ದರು. ಹೋಗುವಾಗ ವಾರದ ಗಡ್ಡ ಬಿಟ್ಟುಕೊಂಡು ಹಳೇ ದರೋಡೆಕೋರನ ಹಾಗೆ ಹೋಗುತ್ತಿದ್ದರು, ಬರುವಾಗ ನುಣ್ಣಗೆ ಬೋಳಿಸಿ, ಪೌಡರ್ ಬಳಿದುಕೊಂಡು, ಎಂಥದೋ ಹಾಡು ಗುನುಗಿಕೊಂಡು ಬರುತ್ತಿದ್ದರು. ಎಷ್ಟೋ ವರ್ಷದಿಂದ ನೋಡಿದ್ದೆ. ಕನ್ನಡಿ ಮುಂದೆ ತಾವೇ ಬೋಳಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಎರಡು ಗಂಟೆ ಗುಡಿಸಲು ಅದೇನು ಅರಮನೆಯೇ, ಎರಡು ಕುರ್ಚಿಯ ಅಂಗಡಿ.

ಆ ಎರಡು ಕುರ್ಚಿಯ ಬಗ್ಗೆ ಹೇಳಬೇಕು. ಒಂದು ನಮ್ಮವರದು, ಇನ್ನೊಂದು ನನ್ನ ಮೈದುನನದು. ನಡುವೆ ಒಂದು ಮೊಳ ಜಾಗ. ಒಂದೇ ಮನೆಯಲ್ಲಿ ನಾವು ಕೆಳಗೆ, ಅವರು ಮೇಲೆ. ಅಣ್ಣ ತಮ್ಮ ಏಳೆಂಟು ವರ್ಷದಿಂದ ಒಂದು ಮಾತೂ ಆಡಿಲ್ಲ. ಕಟಿಂಗ್ ಶಾಪೆಂದರೆ ಊರಿನ ಸುದ್ದಿಯೆಲ್ಲ ಅಲ್ಲೇ ಹುಟ್ಟಬೇಕು, ನಮ್ಮ ಅಂಗಡಿಯಲ್ಲಿ ರೇಡಿಯೋ ಒಂದೇ ಮಾತಾಡುವುದು. ಪೌಡರ್ ಮುಗಿದರೆ ಗಿರಾಕಿಯ ತಲೆಯ ಮೇಲಿಂದ, “ಆ ಕಡೆಯವರಿಗೆ ಒಂದು ಮಾತು ಹೇಳಿ, ಪೌಡರ್ ತರಬೇಕಂತೆ ಅಂತ.” ಗಿರಾಕಿ ಕತ್ತು ಅಲ್ಲಾಡಿಸದೆ ಆ ಕಡೆಗೆ ಹೇಳುತ್ತಾನೆ. ಆ ಕಡೆಯಿಂದ, “ಈ ಸಲ ಅವರ ಸರದಿ ಅಂತ ಹೇಳಿ.” ಹಳೇ ಗಿರಾಕಿಗಳಿಗೆ ಇದು ಅಭ್ಯಾಸವಾಗಿಬಿಟ್ಟಿತ್ತು. ಹೊಸಬರು ಕಕ್ಕಾಬಿಕ್ಕಿಯಾಗಿ ಅರ್ಧ ಕಟಿಂಗಿನಲ್ಲೇ ಎದ್ದು ಹೋದದ್ದೂ ಉಂಟು.

ಜಗಳ ನಮ್ಮ ಮಾವನವರ ಸಾವಿನದು. ಅವರು ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ಕಾರಿ ಹೋದರು. ದೊಡ್ಡಾಸ್ಪತ್ರೆಯ ಎಳೇ ಡಾಕ್ಟರೊಬ್ಬ ಅವಸರದಲ್ಲಿ, “ಲಿವರ್ ಪೂರ್ತಿ ಹೋಗಿದೆ, ತುಂಬಾ ಕುಡೀತಿದ್ರಾ?” ಅಂದ. ಆ ಒಂದು ಮಾತು ಸಾಕಾಯಿತು. ಅಪ್ಪನಿಗೆ ಕದ್ದು ತಂದುಕೊಟ್ಟವನು ತಮ್ಮನೇ ಎಂದು ನಮ್ಮವರು. ಯಾಕೆಂದರೆ ಅವನು ಅಪರೂಪಕ್ಕೆ ಸ್ನೇಹಿತರ ಜೊತೆ ಬಿಯರ್ ಕುಡಿಯುವವನು. ರಾತ್ರಿ ಅಂಗಡಿ ಮುಚ್ಚಿ ಅಪ್ಪನ ಜೊತೆ ಕೊನೆಗೆ ಬರುತ್ತಿದ್ದವನು ಅಣ್ಣ, ಆದ್ದರಿಂದ ಕೊಟ್ಟವನು ಅಣ್ಣನೇ ಎಂದು ಮೈದುನ. ನೀನು ಕೊಂದೆ, ನೀನು ಕೊಂದೆ ಎಂದು ಹೆಣದ ಮುಂದೆಯೇ ಕೈಕೈ ಮಿಲಾಯಿಸಿದರು. “ನಿಮ್ಮಪ್ಪ ಒಂದು ಹನಿ ಬಾಯಿಗೆ ಹಾಕಿದೋರಲ್ಲ ಕಣ್ರೋ” ಎಂದು ಅತ್ತೆ ಬಾಯಿ ಬಡಿದುಕೊಂಡರು. ಅಮ್ಮ ಚಿಕ್ಕವನನ್ನು ಕಾಪಾಡುತ್ತಿದ್ದಾರೆ ಎಂದು ದೊಡ್ಡವರು ತಿಳಿದರು, ದೊಡ್ಡವನನ್ನು ಕಾಪಾಡುತ್ತಿದ್ದಾರೆ ಎಂದು ಚಿಕ್ಕವನು ತಿಳಿದ. ಅವತ್ತಿಗೆ ಬಾಯಿಗೆ ಬಿದ್ದ ಬೀಗ ಮತ್ತೆ ತೆಗೆಯಲಿಲ್ಲ.

ಸರಿ, ಮುಂದಿನ ರಜೆಯ ದಿನ ನಮ್ಮವರ ಹಿಂದೆಯೇ ಹೊರಟೆ. ಅವರು ಎಲ್ಲೂ ತಿರುಗದೆ ನೆಟ್ಟಗೆ ಅಂಗಡಿಗೆ ಹೋದರು. ಶಟರ್ ಮೊಣಕಾಲಿನವರೆಗೆ ಮಾತ್ರ ಎತ್ತಿ, ಬಗ್ಗಿ ಒಳಗೆ ನುಸುಳಿದರು. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ಆದರೂ ಬಿಟ್ಟವಳಲ್ಲ ನಾನು. ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವಳ ಹಾಗೆ ಕೂತು, ಬಗ್ಗಿ, ಕೊನೆಗೆ ನೆಲಕ್ಕೆ ಕೆನ್ನೆ ತಾಗಿಸಿ ನೋಡಿದೆ.

ಒಳಗಿದ್ದವನು ಮೈದುನ.

ಅವನು ತನ್ನ ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಕೆನ್ನೆ ತುಂಬ ಸೋಪಿನ ನೊರೆ. ನಮ್ಮವರು ಮಾವನವರ ಉದ್ದ ಕತ್ತಿಯನ್ನು ಚರ್ಮದ ಪಟ್ಟಿಗೆ ಎಳೆದು ಎಳೆದು ಮಸೆದು ತಮ್ಮನ ಗಡ್ಡ ಬೋಳಿಸಿದರು. ರೇಡಿಯೋ ಕೂಡ ಇಲ್ಲ, ಕತ್ತಿ ಕರಕರ ಅನ್ನುವುದು ಕೇಳುತ್ತಿತ್ತು. ದವಡೆಯ ಹತ್ತಿರ ಸಣ್ಣಗೆ ತಾಗಿ ಒಂದು ಚುಕ್ಕೆ ರಕ್ತ ಬಂತು. ಪಟಿಕ ಉಜ್ಜಿದರು. ಕತ್ತಿಯನ್ನು ಬಿಸಿನೀರಿನ ಬಟ್ಟಲಿಗೆ ಅದ್ದಿ, ಟವೆಲ್ಲಿಗೆ ಒರೆಸಿ, ಮಡಿಸಿ, ತಮ್ಮನ ಕೈಗೆ ಕೊಟ್ಟರು. ಮೈದುನ ಎದ್ದ. ನಮ್ಮವರು ತಮ್ಮ ಕುರ್ಚಿಯಲ್ಲಿ ಕೂತು ಕತ್ತು ಚೆಲ್ಲಿದರು. ಅದೇ ಕತ್ತಿ ಅವರ ಗಂಟಲಿನ ಮೇಲೆ ಓಡತೊಡಗಿತು. ಯಾರೂ ಒಂದು ಮಾತೂ ಆಡಲಿಲ್ಲ.

ಹೆಂಗಸಲ್ಲವಲ್ಲ ಎಂದು ಮೊದಲು ಜೀವ ತಣ್ಣಗಾಯಿತು. ಆಮೇಲೆ ಆ ರಕ್ತದ ಚುಕ್ಕೆ ಕಣ್ಣಿಗೆ ಕಟ್ಟಿತು. ಎದ್ದು ಸೀರೆ ಕೊಡವಿಕೊಳ್ಳುವಾಗ ಸೈಕಲ್ ರಿಪೇರಿಯವನು, “ಏನಾದ್ರೂ ಬಿದ್ಹೋಯ್ತೇನಕ್ಕ?” ಎಂದು ಕೇಳಿದ. ಏನೂ ಇಲ್ಲ ಎಂದು ಮನೆಗೆ ಬಂದೆ.

ಅವರು ಹಾಡು ಗುನುಗುತ್ತಾ ಒಳಗೆ ಕಾಲಿಟ್ಟ ಕೂಡಲೇ ಶುರುಮಾಡಿದೆ. “ರೀ, ನೀವು ಡಾಕ್ಟರ ಹತ್ರ ಏನಂದ್ರಿ? ಬೇರೆಯವರ ಕತ್ತಿ ಮುಟ್ಟಲ್ಲ ಅಂದ್ರಲ್ಲ?”

“ಹೌದು, ಮುಟ್ಟಲ್ಲ.”

“ಮತ್ತೆ ಬೆಳಿಗ್ಗೆ ನಾನು ಕಂಡಿದ್ದೇನು?”

ಅವರ ಮುಖ ಕೆಂಪಾಯಿತು. ಕಳ್ಳತನದಲ್ಲಿ ಸಿಕ್ಕವರ ಹಾಗೆ ಕೂತರು. “ಅದು ಬೇರೆಯವರ ಕತ್ತಿ ಅಲ್ಲ ಕಣೇ. ಅಪ್ಪಂದು. ಗಿರಾಕಿಗೆ ಅದನ್ನ ಯಾವತ್ತೂ ಮುಟ್ಟಿಸಿಲ್ಲ. ಮನೆಯವರಿಗೆ ಮಾತ್ರ.”

“ಅಪ್ಪನ ಕತ್ತಿ ಆದ್ರೆ ವೈರಸ್ಸಿಗೆ ನೆಂಟಸ್ತನ ಗೊತ್ತಾಗುತ್ತಾ? ಗಿರಾಕಿಗೆ ಹೊಸ ಬ್ಲೇಡು, ತಮ್ಮನಿಗೆ ಹಳೇ ಕತ್ತಿ! ಮಾತಿಲ್ಲ ಕತೆಯಿಲ್ಲ, ಗಡ್ಡಕ್ಕೆ ಮಾತ್ರ ಬೇಕಾ ಅವನು?”

ಆಗ ಹೇಳಿದರು. ಕತ್ತಿ ಹಿಡಿಯುವವನು ತನ್ನ ಗಡ್ಡ ತಾನು ಬೋಳಿಸಿಕೊಳ್ಳಬಾರದು ಎನ್ನುವುದು ಮಾವನವರ ಕಟ್ಟಪ್ಪಣೆಯಂತೆ. ಮೊದಲು ಮೂವರೂ ರಜೆಯ ದಿನ ಸರದಿಯ ಮೇಲೆ ಒಬ್ಬರಿಗೊಬ್ಬರು ಬೋಳಿಸುತ್ತಿದ್ದರಂತೆ. ಮಾವ ಹೋದ ಮೇಲಿನ ಮೊದಲ ರಜೆಗೆ ಇಬ್ಬರ ಮುಖದಲ್ಲೂ ಗಡ್ಡ. ಬೇರೆ ಅಂಗಡಿಗೆ ಹೋದರೆ ಊರು ನಗುತ್ತದೆ. ತಾನೇ ಬೋಳಿಸಿಕೊಂಡರೆ ಅಪ್ಪನ ಮಾತು ಮೀರಿದ ಹಾಗೆ. ಎಷ್ಟೋ ಹೊತ್ತು ಇಬ್ಬರೂ ಸುಮ್ಮನೆ ನಿಂತಿದ್ದು, ಕೊನೆಗೆ ತಮ್ಮ ಹೋಗಿ ಕುರ್ಚಿಯಲ್ಲಿ ಕೂತನಂತೆ.

“ಕತ್ತಿ ಕೈಯಲ್ಲಿರೋವಾಗ ಅವನ ಗಂಟಲು ನನ್ನ ಮುಂದೆ ಇರುತ್ತೆ. ಅವನು ಕಣ್ಣು ಮುಚ್ಚಿ ಕೂತಿರ್ತಾನೆ” ಎಂದು ಅವರು ಹೇಳಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನನಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

ಡಾಕ್ಟರಮ್ಮನಿಗೆ ಫೋನು ಮಾಡಿ ಕಂಡದ್ದನ್ನೆಲ್ಲ ಹೇಳಿದೆ. “ನಾನು ಕೇಳಿದ್ದೆ, ಅಪ್ಪನ ಕತ್ತಿ ಅಂತ ಅವರು ಹೇಳೂ ಹೇಳಿದ್ರು, ನನಗೇ ಹೊಳೀಲಿಲ್ಲ. ತಮ್ಮನ್ನ ಕರ್ಕೊಂಡು ಬನ್ನಿ. ಅವರಲ್ಲಿ ವೈರಸ್ಸು ಇಟ್ಕೊಂಡು ಇವರಿಗೊಬ್ಬರಿಗೇ ಮಾತ್ರೆ ಕೊಟ್ರೆ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ” ಅಂದರು.

ಕರೆದುಕೊಂಡು ಬನ್ನಿ ಅನ್ನುವುದು ಸುಲಭ. ಕರೆಯುವವರು ಯಾರು? ಓರಗಿತ್ತಿ ಬಟ್ಟೆ ಒಣಹಾಕಲು ಇಳಿದು ಬಂದಾಗ ನಾನು ವಿಷಯ ಹೇಳಿದೆ. ಅವಳು ಪಾಪದವಳು, ಗಾಬರಿಯಾಗಿ ಮೇಲೆ ಓಡಿದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲಿಂದ ಮೈದುನನ ಕೂಗು ಕೇಳಿತು. ಅವನು ಹೆಂಡತಿಗೆ ಹೇಳುತ್ತಿದ್ದದ್ದು, ಆದರೆ ಕೆಳಗಿನವರಿಗೆ ಕೇಳಲಿ ಎಂದೇ ಹೇಳುತ್ತಿದ್ದದ್ದು. “ನನಗೆ ರೋಗವಂತಾ ರೋಗ! ಊರಿಗೆಲ್ಲ ಸಾರಿಬಿಟ್ರೆ ನನ್ನ ಗಿರಾಕಿಗಳೆಲ್ಲ ಅವರ ಕುರ್ಚಿಗೆ ಹೋಗ್ತಾರಲ್ಲ, ಅದಕ್ಕೆ ಈ ನಾಟಕ. ರಕ್ತ ಕೊಡ್ಬೇಕಂತೆ. ಒಂದು ತೊಟ್ಟೂ ಕೊಡಲ್ಲ ಅಂತ ಹೇಳು!”

ಓರಗಿತ್ತಿ ಕಣ್ಣೊರೆಸಿಕೊಂಡು ಕೆಳಗೆ ಬಂದು, “ಒಂದು ತೊಟ್ಟೂ ಕೊಡಲ್ವಂತೆ ಅಕ್ಕ” ಅಂದಳು. ಕೇಳಿಸಿತಮ್ಮಾ, ಕಿವಿಯಿದೆ ಅಂದೆ.

“ನೀವೇ ಮಾತಾಡ್ಬೇಕು” ಎಂದು ನಮ್ಮವರಿಗೆ ಹೇಳಿದೆ. “ನಿಮ್ಮ ಲಿವರ್ರು, ನಿಮ್ಮ ತಮ್ಮ. ನಿಮ್ಮ ಜೀವ ಇರೋದು ಅವನ ಒಂದು ಹೂಂ ಮೇಲೆ. ಅವನ ಜೀವಾನೂ ಅಷ್ಟೇ.”

“ಏನಂತ ಶುರು ಮಾಡ್ಲಿ?” ಅಂದರು. ಹಟಕ್ಕಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ಇಷ್ಟು ವರ್ಷವಾದ ಮೇಲೆ ಅವನನ್ನು ಏನೆಂದು ಕರೆಯಬೇಕು, ಮೊದಲು ಚೆನ್ನಾಗಿದ್ದೀಯಾ ಅನ್ನಬೇಕೋ, ನೆಟ್ಟಗೆ ವಿಷಯಕ್ಕೆ ಹೋಗಬೇಕೋ, ಅವನು ಎದ್ದು ಹೋದರೆ ಏನು ಮಾಡಬೇಕು. ಆ ವಾರವೆಲ್ಲ ಸ್ನಾನದ ಮನೆಯಲ್ಲಿ ಒಬ್ಬರೇ ಏನೇನೋ ಮಾತು ಜೋಡಿಸಿಕೊಳ್ಳುವುದು ನನಗೆ ಕೇಳುತ್ತಿತ್ತು. ಜೋಡಿಸಿದ್ದನ್ನು ನೀರು ಹೊಯ್ದುಕೊಂಡು ಅಳಿಸಿಬಿಡುತ್ತಿದ್ದರು.

ರಜೆಯ ದಿನ ನಾನೂ ಜೊತೆಗೆ ಹೋದೆ. ಈ ಸಲ ನೆಲಕ್ಕೆ ಕೆನ್ನೆ ತಾಗಿಸಲಿಲ್ಲ, ನಾನೇ ಶಟರನ್ನು ಸೊಂಟದವರೆಗೆ ಎತ್ತಿ ಹೊಸ್ತಿಲ ಹತ್ತಿರ ನಿಂತೆ. ಮೈದುನ ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದ. ನಮ್ಮವರು ಸೀದಾ ಹೋಗಿ ಕುರ್ಚಿಯಲ್ಲಿ ಕೂತರು. ಆ ವಾರ ಮೊದಲು ಕೂರಬೇಕಾದ ಸರದಿ ಅವರದಾಗಿತ್ತೋ ಏನೋ. ಮೈದುನ ಬಿಳಿ ಬಟ್ಟೆ ಹೊದಿಸಿದ, ನೊರೆ ಬಳಿದ, ಕತ್ತಿ ಬಿಚ್ಚಿದ. ಇವರು ಇನ್ನೂ ಬಾಯಿ ಬಿಡಲಿಲ್ಲ. ಕತ್ತಿ ಕೆನ್ನೆಯ ಹತ್ತಿರ ಬಂತು. ನಾನೇ ಕೂಗಿಬಿಡುವವಳಿದ್ದೆ.

ನಮ್ಮವರು ಬಟ್ಟೆಯೊಳಗಿಂದ ಕೈ ತೆಗೆದು ತಮ್ಮನ ಮಣಿಕಟ್ಟು ಹಿಡಿದರು.

“ಬೇಡ ಕಣೋ” ಅಂದರು.

ಮೈದುನ ಕತ್ತಿಯನ್ನು ಕೆನ್ನೆಯಿಂದ ಹಿಂದಕ್ಕೆ ತೆಗೆದ.

“ನಂಗೆ ರಕ್ತದಲ್ಲಿ ರೋಗ ಇದೆ. ಒಂದು ಸಲ ವಾಸಿ ಆಗಿತ್ತು, ಮತ್ತೆ ಬಂದಿದೆ. ನಿಂಗೆ ಅಂಟಿಸಿಬಿಟ್ಟಿದ್ದೀನೇನೋ. ಒಂದು ಸಲ ಬಂದು ತೋರಿಸ್ಕೊಂಡು ಹೋಗು. ಅಂಗಡಿ ಬೇಕಾದ್ರೆ ನೀನೇ ಇಟ್ಕೊ.”

ನೊರೆ ಅವರ ಗಲ್ಲದಿಂದ ಬಟ್ಟೆಯ ಮೇಲೆ ಇಳಿಯುತ್ತಿತ್ತು. ಮೈದುನ ಕತ್ತಿ ಮಡಿಸಿದ. “ಒಂದು ಸಲ ವಾಸಿ ಆಗಿತ್ತಾ? ಯಾವಾಗ? ನಂಗ್ಯಾರೂ ಹೇಳ್ಲೇ ಇಲ್ಲ.”

“ಯಾರು ಹೇಳ್ಬೇಕಿತ್ತು? ನಾವೇನು ಮಾತಾಡ್ತಿದ್ವಾ?”

“ಗಿರಾಕಿ ಕೈಲಿ ಹೇಳಿಸ್ಬಹುದಿತ್ತಲ್ಲ!” ಎಂದ ಮೈದುನ. ಅವನು ತಮಾಷೆಗೆ ಹೇಳಿದ್ದಲ್ಲ. ಹಾಗೆ ಹೇಳಿ ಮುಖ ಆ ಕಡೆ ತಿರುಗಿಸಿಕೊಂಡ.

ಮಾರನೆಯ ದಿನ ರಕ್ತ ಕೊಟ್ಟ. ಹೆಜ್ಜೆಗುರುತೂ ಇತ್ತು, ಕಳ್ಳನೂ ಇದ್ದ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ನೋಡುವ ಮಷೀನನ್ನು ಪಕ್ಕೆಗೆ ಇಟ್ಟು ನೋಡಿದರೆ ಅಣ್ಣನದಕ್ಕಿಂತ ಅವನದೇ ಹೆಚ್ಚು ಗಟ್ಟಿ. ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ನಾನು ಹಿಂದಿನ ಸ್ಟೂಲಿನಲ್ಲಿ ಕೂತೆ. ಮೈದುನ ಕೇಳಿದ ಮೊದಲ ಪ್ರಶ್ನೆಯೇ, “ಯಾರಿಂದ ಯಾರಿಗೆ ಬಂತು?”

“ಈಗ ಅದನ್ನ ಹೇಳೋಕಾಗಲ್ಲ. ಇಬ್ಬರಲ್ಲೂ ಒಂದೇ ತಳಿ ಇದೆ. ಮುಂಚೆ ಯಾರು ಯಾರು ಆ ಕತ್ತಿ ಬಳಸ್ತಿದ್ರಿ?”

“ನಾವಿಬ್ರು. ನಮ್ಮಪ್ಪ.”

“ಅವರು ಏನಾಗಿ ತೀರ್ಕೊಂಡ್ರು?”

ನಾನೇ ಹೇಳಬೇಕಾಯಿತು. ಹೊಟ್ಟೆಯಲ್ಲಿ ನೀರು ತುಂಬಿತ್ತು, ರಕ್ತ ಕಾರಿದರು, ಕುಡಿತದಿಂದ ಅಂದರು ಅಂತ.

“ಕುಡೀತಿದ್ರಾ?”

“ಇವನು ಕದ್ದು ತಂದುಕೊಡ್ತಿದ್ದ” ಎಂದು ನಮ್ಮವರು ಅನ್ನುವುದಕ್ಕೂ, “ಇವನೇ ಕುಡಿಸ್ತಿದ್ದ” ಎಂದು ಮೈದುನ ಅನ್ನುವುದಕ್ಕೂ ಸರಿಹೋಯಿತು. ನಾನಾ? ನೀನೇ! ನನ್ನ ಮಗುವಿನಾಣೆಗೂ ನಾನಲ್ಲ! ನಾನೂ ಅಲ್ಲ! ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವನನ್ನೊಮ್ಮೆ ಇವರನ್ನೊಮ್ಮೆ ನೋಡಿದರು.

“ನೀವೂ ಕೊಟ್ಟಿಲ್ಲ, ಇವರೂ ಕೊಟ್ಟಿಲ್ಲ. ಹಾಗಾದ್ರೆ ಅವರು ಕುಡಿದಿದ್ದನ್ನ ಕಣ್ಣಾರೆ ನೋಡಿದೋರು ಯಾರು?”

ಯಾರೂ ನೋಡಿರಲಿಲ್ಲ. ಬಾಟಲಿ ಸಿಕ್ಕಿರಲಿಲ್ಲ, ವಾಸನೆ ಬಂದಿರಲಿಲ್ಲ. ಡಾಕ್ಟರು ಹೇಳಿದ್ದರು, ಅಷ್ಟೇ.

“ನೋಡಿ, ಈ ವೈರಸ್ಸು ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಇದ್ದು ಲಿವರನ್ನ ಹಾಗೇ ಮಾಡಿಬಿಡುತ್ತೆ. ಒಂದು ಹನಿ ಕುಡೀದೇ ಇದ್ರೂ ಹೊಟ್ಟೇಲಿ ನೀರು ತುಂಬುತ್ತೆ, ರಕ್ತ ಕಾರ್ತಾರೆ. ನಿಮ್ಮ ತಂದೆಯವರಿಗೆ ಇದೇ ಇತ್ತು ಅಂತ ನಾನು ಖಂಡಿತವಾಗಿ ಹೇಳಲಾರೆ, ಪರೀಕ್ಷೆ ಮಾಡೋಕೆ ಅವರಿಲ್ಲ. ಇರಬಹುದು ಅಂತಷ್ಟೇ ಹೇಳಬಲ್ಲೆ. ಆ ಹೊತ್ತಿಗೆ ಈ ಮಾತ್ರೆ ಬಂದಾಗಿತ್ತು. ಯಾರಾದ್ರೂ ಒಂದು ಸಲ ರಕ್ತ ನೋಡಿದ್ರೆ…” ಎಂದವರು ಅಲ್ಲಿಗೇ ನಿಲ್ಲಿಸಿದರು.

ಇರಬಹುದು! ಏಳೆಂಟು ವರ್ಷದ ಹಗೆಯನ್ನು ಹೊತ್ತುಕೊಂಡು ಬಂದವರಿಗೆ ಇರಬಹುದು ಎಂಬ ಒಂದು ಮಾತು ಕೊಟ್ಟು ಕಳಿಸಿದರೆ ಅದನ್ನು ಎಲ್ಲಿ ಇಟ್ಟುಕೊಳ್ಳುವುದು? ಹೌದು ಅಂದಿದ್ದರೆ ಅಳಬಹುದಿತ್ತು, ಅಲ್ಲ ಅಂದಿದ್ದರೆ ಹೊಡೆದಾಡಬಹುದಿತ್ತು. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಅಣ್ಣ ತಮ್ಮ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಕೊನೆಗೆ ನಮ್ಮವರು, “ಅಪ್ಪನ್ನ ಕುಡುಕ ಅಂದ್ಬಿಟ್ವಲ್ಲೋ” ಅಂದರು. ಮೈದುನ ಹೂಂ ಅಂದ. ನನಗೆ ಮಾವನವರ ಮುಖ ನೆನಪಾಗಿ ಹೊಟ್ಟೆ ಉರಿಯಿತು. ಸಾಯುವ ಮುಂಚೆ ಅವರಿಗೂ ಆ ಮಾತು ಕೇಳಿಸಿತ್ತು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೇಳಿದವರಿಗೆ ಅದೇ ಚಿಂತೆಯಾಗುತ್ತದೆ. ಇಬ್ಬರೂ ಒಂದೇ ಬೆಳಿಗ್ಗೆ ಮಾತ್ರೆ ಶುರುಮಾಡಿದರು. ಕೆಳಗೆ ನಾನು ನಾಲಿಗೆ ಎತ್ತಿಸಿ ನೋಡಿದೆ, ಮೇಲೆ ಓರಗಿತ್ತಿ ನೋಡಿದಳು. ಅವಳಿಗೂ ಅವಳ ಮಗುವಿಗೂ ಅತ್ತೆಗೂ ಏನೂ ಇರಲಿಲ್ಲ. ಮಾತ್ರೆ ಮುಗಿಸಿ, ಕಾಯಬೇಕಾದಷ್ಟು ಕಾದು ನೋಡಿದಾಗ ಇಬ್ಬರ ರಕ್ತದಲ್ಲೂ ಕಳ್ಳನಿರಲಿಲ್ಲ. ಮೈದುನನ ಲಿವರನ್ನು ಆರು ತಿಂಗಳಿಗೊಮ್ಮೆ ನೋಡುತ್ತಲೇ ಇರಬೇಕಂತೆ. ಈಗ ಇಬ್ಬರೂ ತಂತಮ್ಮ ಗಡ್ಡ ತಾವೇ ಬೋಳಿಸಿಕೊಂಡು ಮುಖವೆಲ್ಲ ಗಾಯ ಮಾಡಿಕೊಳ್ಳುತ್ತಾರೆ.

ಆದರೆ ನನಗೆ ಹೇಳಬೇಕಾಗಿದ್ದದ್ದು ಆಸ್ಪತ್ರೆಯಿಂದ ಬಂದ ಆ ಸಂಜೆಯದು.

ಅತ್ತೆ ಹದಿನೈದು ದಿನ ಕೆಳಗೆ, ಹದಿನೈದು ದಿನ ಮೇಲೆ ಇರುವವರು. ಅವತ್ತು ಅವರು ಮೆಟ್ಟಿಲ ಕೊನೆಯ ಹಂತದಲ್ಲಿ ಕೂತು ಮೊಮ್ಮಗುವಿನ ಅಂಗಿಗೆ ಗುಂಡಿ ಹಾಕುತ್ತಿದ್ದರು. ಮಕ್ಕಳಿಬ್ಬರೂ ಒಟ್ಟಿಗೆ ಗೇಟು ದಾಟಿ ಬರುವುದನ್ನು ನೋಡಿ ಸೂಜಿ ಹಿಡಿದ ಕೈ ಹಾಗೇ ನಿಂತಿತು. “ಯಾರಿಗೇನಾಯ್ತೋ?” ಅಂದರು. ಇಬ್ಬರೂ ಒಟ್ಟಿಗೆ ಬಂದರೆಂದರೆ ಯಾರೋ ಸತ್ತಿರಬೇಕು ಎಂದೇ ಅವರಿಗೆ ಅನ್ನಿಸಿದ್ದು.

ನಮ್ಮವರು ಅವರ ಕಾಲ ಹತ್ತಿರ ನೆಲದ ಮೇಲೆಯೇ ಕೂತರು. ಮೈದುನ ನಿಂತೇ ಇದ್ದ. ಅಡ್ಡಾದಿಡ್ಡಿಯಾಗಿ, ಒಬ್ಬರ ಮಾತು ಇನ್ನೊಬ್ಬರು ತುಂಡರಿಸುತ್ತಾ ಹೇಳಿದರು. ಕತ್ತಿ, ರಕ್ತ, ಕಳ್ಳ, ಹೆಜ್ಜೆಗುರುತು. ಅತ್ತೆಗೆ ಅರ್ಧ ಅರ್ಥವಾಗಲಿಲ್ಲ. ಅಪ್ಪ ಕುಡಿದಿರಲಿಕ್ಕಿಲ್ಲ ಎನ್ನುವಲ್ಲಿಗೆ ಬಂದಾಗ ಮಾತ್ರ ತಟ್ಟನೆ ತಲೆ ಎತ್ತಿದರು.

“ಕುಡಿದಿರಲಿಕ್ಕಿಲ್ಲ ಅಂತ ನಿಮಗೆ ಡಾಕ್ಟ್ರು ಹೇಳ್ಬೇಕಾಯ್ತೇನೋ? ನಾನು ಅವತ್ತೇ ಬಡ್ಕೊಂಡೆನಲ್ಲ. ಒಬ್ರಾದ್ರೂ ಕಿವಿಗೆ ಹಾಕ್ಕೊಂಡ್ರಾ?”

“ನೀನು ಇವನನ್ನ ಕಾಪಾಡ್ತಿದ್ದೀಯ ಅಂದ್ಕೊಂಡೆ ಅಮ್ಮ” ಅಂದರು ನಮ್ಮವರು.

“ಅಣ್ಣನನ್ನ ಕಾಪಾಡ್ತಿದ್ದೀಯ ಅಂದ್ಕೊಂಡೆ” ಅಂದ ಮೈದುನ.

“ನಿಮ್ಮನ್ನ್ಯಾಕೋ ಕಾಪಾಡ್ಲಿ, ಗಟ್ಟಿಮುಟ್ಟಾಗಿದ್ರಲ್ಲ! ನಾನು ನಿಮ್ಮಪ್ಪನ್ನ ಕಾಪಾಡ್ತಿದ್ದೆ.” ಅತ್ತೆ ಅಂಗಿಯನ್ನು ಮಡಿಲಿಗೆ ಇಳಿಸಿದರು. “ಕುಡುಕನ ಹೆಂಡ್ತಿ ಅಂತ ಅನ್ನಿಸ್ಕೊಂಡು ಈ ಬೀದೀಲಿ ಓಡಾಡಿದ್ದೀನಿ. ಜನ ಅಂದಿದ್ದು ನುಂಗ್ಕೊಂಡೆ. ನೀವೂ ಅಂದ್ರಲ್ಲೋ, ಅದನ್ನ ನುಂಗೋಕಾಗ್ಲಿಲ್ಲ.”

ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡು ಮತ್ತೆ ಗುಂಡಿ ಹೊಲಿಯತೊಡಗಿದರು. ಎರಡು ಹೊಲಿಗೆ ಹಾಕಿರಬೇಕು. ಕೈ ನಿಲ್ಲಿಸಿ, ನಮ್ಮವರ ಜೇಬಿನಿಂದ ಇಣುಕುತ್ತಿದ್ದ ಆಸ್ಪತ್ರೆಯ ಚೀಟಿಯನ್ನು ನೋಡಿದರು.

“ನಿಮಗೆ ಮಾತ್ರೆ ಕೊಡ್ತಾರಂತಲ್ಲ. ನುಂಗಿದ್ರೆ ವಾಸಿ ಆಗುತ್ತಾ?”

“ಆಗುತ್ತಮ್ಮ” ಅಂದರು ನಮ್ಮವರು.

“ಪೂರ್ತಿ?”

“ಪೂರ್ತಿ.”

ಅತ್ತೆ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟರು. “ನಿಮ್ಮಪ್ಪ ಹೋದಾಗ ಇತ್ತಾ ಆ ಮಾತ್ರೆ?”

ಡಾಕ್ಟರಮ್ಮ ಅರ್ಧಕ್ಕೆ ನಿಲ್ಲಿಸಿದ ಮಾತನ್ನು ನಾವು ಮೂವರೂ ಕೇಳಿಸಿಕೊಂಡಿದ್ದೆವು. ಇವರಲ್ಲಿ ಒಬ್ಬರು ಒಂದು ಅಂದರೆ ಇನ್ನೊಬ್ಬರು ಇನ್ನೊಂದು ಅನ್ನುವುದು ಈ ಮನೆಯ ರೂಢಿ. ಈಗ ಒಬ್ಬರು ಹೌದೆಂದು ಇನ್ನೊಬ್ಬರು ಇಲ್ಲವೆಂದರೆ ಈ ಮುದಿ ಜೀವ ಏನಾಗಬೇಕು?

“ಇರ್ಲಿಲ್ಲಮ್ಮ” ಎಂದರು ಇಬ್ಬರೂ. ಒಂದೇ ಉಸಿರಿಗೆ, ಒಂದೇ ದನಿಯಲ್ಲಿ, ಒಬ್ಬರನ್ನೊಬ್ಬರು ನೋಡದೆ.

ಅತ್ತೆ ಇಬ್ಬರ ಮುಖವನ್ನೂ ಒಂದೊಂದಾಗಿ ನೋಡಿದರು. ಹೆತ್ತವರು, ಆ ಮುಖಗಳಲ್ಲಿ ಏನೇನು ಓದಬಲ್ಲರೋ ನನಗೆ ಗೊತ್ತಿಲ್ಲ. “ಇರ್ಲಿಲ್ಲ ಅಂದ್ಮೇಲೆ ಯಾರೇನು ಮಾಡೋಕಾಗುತ್ತೆ” ಎಂದು ಹೇಳಿ ಎದ್ದು, ಇಬ್ಬರ ತಲೆಯ ಮೇಲೂ ಒಂದೊಂದು ಸಲ ಕೈಯಿಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದರು. ಅವರು ನಂಬಿದರೋ, ಮಕ್ಕಳಿಗಾಗಿ ನಂಬಿದ ಹಾಗೆ ಮಾಡಿದರೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.